ಹೊಟ್ಟೆ ಕಟ್ಟಿದ ಕೋವಿ

ದೇವರ ಕುಂಕುಮದಿಂದ ಯಾರಿಗೂ ಕೇಡಾಗುವುದಿಲ್ಲ. ಆದರೆ ಉಲ್ಲಾಳದ ವಿಮಲಮ್ಮನವರು ಆಯುಧಪೂಜೆಯ ದಿನ ಮನೆಯ ಹಳೆಯ ಕೋವಿಯನ್ನು ಅಲಂಕರಿಸುವಾಗ, ಕಿಡಿ ಒಳಗಿಳಿಯುವ ಸಣ್ಣ ತೂತಿಗೂ ಒಂದು ಬೊಟ್ಟು ಭಕ್ತಿಯಿಂದ ಮೆತ್ತಿಬಿಟ್ಟರು. ಮಗ ಬೆಟ್ಟಯ್ಯ ವಂಶದ ಪದ್ಧತಿಯಂತೆ ಕೋವಿಯ ಬಾಯೊಳಗೆ ಮದ್ದು ಸುರಿದು, ತೆಂಗಿನ ನಾರು ಜಡಿದು, ಆಕಾಶಕ್ಕೆ ಹಿಡಿದು ಟ್ರಿಗರ್ ಒತ್ತಿದ. ಕೋವಿ ಟಿಕ್ ಎಂದಿತು, ಅಷ್ಟೆ. ಮುಂದಿನ ವರ್ಷ ನೋಡಿದರಾಯಿತೆಂದು ಅದನ್ನು ಹಾಗೆಯೇ ಅಟ್ಟಕ್ಕೇರಿಸಿದ.

ಅಷ್ಟರಲ್ಲಿ ಚುನಾವಣೆ ಬಂತು. ಲೈಸೆನ್ಸಿನ ಕೋವಿಗಳೆಲ್ಲ ಪೊಲೀಸ್ ಠಾಣೆ ಸೇರಬೇಕು. ಕಡೆಯ ದಿನ ಬೆಳಿಗ್ಗೆ ಬೆಟ್ಟಯ್ಯ ಹೋದಾಗ, ಹೆಡ್ ಕಾನ್‌ಸ್ಟೇಬಲ್ ಮರಿಯಪ್ಪ ನಳಿಗೆಯೊಳಗೆ ಕಡ್ಡಿ ಇಳಿಬಿಟ್ಟರು. ಕಡ್ಡಿ ತಳ ಮುಟ್ಟದೆ ಒಂದು ಗೇಣು ಮೇಲೆಯೇ ನಿಂತಿತು.

“ಇದರ ಹೊಟ್ಟೆ ಕಟ್ಟಿದೆಯಲ್ರೀ. ತುಂಬಿದ ಕೋವಿ ನಾನು ಮುಟ್ಟಲ್ಲ. ಐದು ಗಂಟೆ ಒಳಗೆ ಖಾಲಿ ಮಾಡ್ಕೊಂಡು ಬನ್ನಿ. ಇಲ್ಲಾಂದ್ರೆ ಲೈಸೆನ್ಸು ಹೋಯ್ತು ಅಂದ್ಕೊಳಿ.”

ಲೈಸೆನ್ಸು ಹೋದರೆ ನಾಲ್ಕು ತಲೆಮಾರಿನ ಕೋವಿ ಸರ್ಕಾರದ ಪಾಲು. ಬೆಟ್ಟಯ್ಯ ಅದನ್ನು ಕಂಬಳಿಯಲ್ಲಿ ಸುತ್ತಿ, ಜ್ವರದ ಮಗುವನ್ನು ಎತ್ತಿಕೊಂಡವನಂತೆ ಮನೆಗೆ ಬಂದ.

ಪಕ್ಕದ ಮನೆಯ ಶ್ರೀಶೈಲ ಮೇಷ್ಟರು ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಕರೆಯದೆಯೇ ಬಂದರು.

“ಮೊದ್ಲು ನೀರು ಹಾಕಿ ಮದ್ದು ಸಾಯಿಸ್ಬೇಕು ಕಣಯ್ಯ. ಆಮೇಲೆ ಚಿಕಿತ್ಸೆ.”

ವಿಮಲಮ್ಮನವರು ಒಳಗಿಂದ ಹಬೆಯಾಡುವ ಚೊಂಬು ತಂದರು. “ಓಂಕಾಳು ಹಾಕಿ ಕಾಯಿಸಿದೀನಿ.”

“ವಿಮಲಮ್ಮೋರೆ, ಇದು ಕೋವಿ.”

“ಇರ್ಲಿ ಬಿಡಿ ಮೇಷ್ಟ್ರೆ. ಕಟ್ಟಿರೋದು ಹೊಟ್ಟೆ ತಾನೆ.”

ಕೋವಿ ಓಂಕಾಳಿನ ಕಷಾಯ ಕುಡಿದು ಒಂದು ಗಂಟೆ ತೆಪ್ಪಗೆ ಕೂತಿತು. ಆಮೇಲೆ ಮೇಷ್ಟರು ಕಡ್ಡಿಯ ತುದಿಗೆ ಒಂದು ಸ್ಕ್ರೂ ಬಿಗಿದು, ಒಳಗಿಳಿಸಿ, ನಾರಿನೊಳಕ್ಕೆ ತಿರುಪಿದರು. ಬೆಟ್ಟಯ್ಯ ಕೋವಿಯ ಹಿಡಿಯನ್ನು ತಬ್ಬಿಕೊಂಡ, ಮೇಷ್ಟರು ಕಡ್ಡಿ ಹಿಡಿದು ಎಳೆದರು. ಕಡ್ಡಿ ಸರಕ್ಕನೆ ಬಂತು. ಬೆಟ್ಟಯ್ಯ ಕನಕಾಂಬರದ ಗಿಡದ ಮೇಲೆ ಬಿದ್ದ, ಮೇಷ್ಟರು ನೀರಿನ ಬಕೆಟ್ಟಿನಲ್ಲಿ ಆಸೀನರಾದರು. ಸ್ಕ್ರೂ ಮಾತ್ರ ಕಡ್ಡಿಯಲ್ಲಿರಲಿಲ್ಲ.

“ಪಾಪ, ಬರೀ ಹೊಟ್ಟೆ ಕಟ್ಟಿತ್ತು,” ಎಂದರು ವಿಮಲಮ್ಮ. “ಈಗ ಆಪರೇಷನ್ ಮಾಡಿ ಕತ್ತರಿ ಒಳಗೇ ಬಿಟ್ರಿ.”

ಗಂಟೆ ನಾಲ್ಕಾಯಿತು. ಕೊನೆಗೆ ಉಳಿದದ್ದು ಮೇನ್ ರೋಡಿನ ಯಶ್ವಂತನ ಪಂಕ್ಚರ್ ಅಂಗಡಿ. ಬೆಟ್ಟಯ್ಯನೂ ಮೇಷ್ಟರೂ ಕೋವಿ ಹೊತ್ತು ಅಲ್ಲಿಗೆ ಓಡಿದರು.

“ಟ್ಯೂಬ್‌ಲೆಸ್ಸಾ ಅಣ್ಣ?” ಎಂದ ಯಶ್ವಂತ, ತಲೆಯೆತ್ತದೆ.

“ಕೋವಿ ಕಣಪ್ಪ,” ಎಂದ ಬೆಟ್ಟಯ್ಯ.

ಯಶ್ವಂತ ಎದ್ದು ನೋಡಿದ. ಒಣಗಿದ ಕುಂಕುಮವನ್ನು ಪಿನ್ನಿನಿಂದ ಕೆದಕಿ ತೆಗೆದು, ಕೋವಿಯ ಬಾಯನ್ನು ಹಳೆ ಟೈರುಗಳ ರಾಶಿಯತ್ತ ತಿರುಗಿಸಿ, ತೂತಿಗೆ ಗಾಳಿಯ ಪೈಪು ಒತ್ತಿದ. “ಎಷ್ಟು ಪ್ರೆಶರ್ ಇಡ್ಲಿ? ಲಾರಿದಾ, ಸ್ಕೂಟರ್‌ದಾ?”

“ಲಾರಿದೇ ಇಡು,” ಎಂದರು ಮೇಷ್ಟರು, ಫಲಿತಾಂಶ ಚೆನ್ನಾಗಿ ಕಾಣಲೆಂದು ಟೈರುಗಳ ಪಕ್ಕಕ್ಕೆ ಸರಿದು.

ಭುಸ್ ಎಂದಿತು, ಡಬ್ ಎಂದಿತು. ನಾರು, ಸ್ಕ್ರೂ, ಮದ್ದಿನ ಕೆಸರು ಒಟ್ಟಿಗೆ ಹಾರಿ ಟೈರಿಗೆ ಬಡಿದು, ಅಲ್ಲಿಂದ ಸಿಡಿದು, ಮೇಷ್ಟರ ಬಿಳಿ ಪಂಚೆಯ ಮೇಲೆ ಕಪ್ಪು ನಕ್ಷೆ ಬರೆಯಿತು. ಆ ಕೆಸರಿನಿಂದ ಓಂಕಾಳಿನ ಸುವಾಸನೆ ಬರುತ್ತಿತ್ತು.

ಐದಕ್ಕೆ ಹತ್ತು ನಿಮಿಷವಿರುವಾಗ ಬೆಟ್ಟಯ್ಯ ಠಾಣೆಯ ಮೆಟ್ಟಿಲು ಹತ್ತಿದ. ಮರಿಯಪ್ಪ ಕಡ್ಡಿ ಇಳಿಬಿಟ್ಟರು. ಟಣ್ ಎಂದು ತಳ ಮುಟ್ಟಿತು. ಅವರ ಮುಖ ಅರಳಿತು.

“ಭೇಷ್. ಯಾರ ಕೈಲಿ ಮಾಡಿಸಿದ್ರಿ?”

ಇಡೀ ದಿನದಲ್ಲಿ ಮೊದಲ ಸಲ ಬೆಟ್ಟಯ್ಯನ ಎದೆ ಉಬ್ಬಿತು. “ನಾನೇ ಸಾರ್. ಏನ್ ಮಹಾ ಕೆಲಸ ಅದು.”

ಮರಿಯಪ್ಪ ಅವನ ಹೆಗಲ ಮೇಲೆ ಕೈಹಾಕಿ ಹಿಂದಿನ ಕೋಣೆಗೆ ಕರೆದೊಯ್ದರು. ಅಲ್ಲಿ ಗೋಡೆಗೆ ಹನ್ನೊಂದು ಕೋವಿಗಳು ಒರಗಿದ್ದವು.

“ನಾನು ಊಟಕ್ಕೆ ಹೋಗಿದ್ದೆ. ಇಲ್ಲಿದ್ದ ಹೊಸ ಕಾನ್‌ಸ್ಟೇಬಲ್ ಹುಡುಗಿ ಒಂದನ್ನೂ ನೋಡ್ದೆ ರಸೀದಿ ಬರ್ದು ಕಳ್ಸಿದಾಳೆ. ಹನ್ನೊಂದೂ ತುಂಬಿದ್ದೇ. ನಮ್ಮಲ್ಲಿ ಒಬ್ಬರಿಗೂ ಬಿಡಿಸೋಕೆ ಬರಲ್ಲ.”

“ಸಾರ್, ನನ್ನ ರಸೀದಿ?”

ಮರಿಯಪ್ಪ ರಸೀದಿ ಪುಸ್ತಕವನ್ನು ಜೇಬಿಗಿಳಿಸಿ, ಸ್ಟೂಲೊಂದನ್ನು ಅವನ ಮುಂದೆ ಎಳೆದರು.

“ಇವಿಷ್ಟೂ ಆದ್ಮೇಲೆ ಕೊಡ್ತೀನಿ, ಕೂತ್ಕೊಳಿ. ಟೀ ಹೇಳ್ಲಾ, ಕಾಫಿನಾ?”