ಮಾಸ್ತಪ್ಪನ ವಾಲ್ವಿಗೆ ಸುಣ್ಣದ ಪಥ್ಯ

ಬೆಳಿಗ್ಗೆ ಏಳೂವರೆಗೆ ಹೊಸನಗರದ ಟೈಲರ್ ಮಾಸ್ತಪ್ಪನ ಸುಣ್ಣದ ಡಬ್ಬಿ ಕಾಣೆಯಾಯಿತು. ಕದ್ದವಳು ಹೆಂಡತಿ ಜಲಜಮ್ಮ. ಕದಿಸಿದವರು ಪಕ್ಕದ ಮನೆಯ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ಶ್ರೀಕಾಂತರು.

ಮಾಸ್ತಪ್ಪನ ಎದೆಯಲ್ಲಿ ಆರು ವರ್ಷದಿಂದ ದನದ ಹೃದಯದ ಪೊರೆಯಿಂದ ಮಾಡಿದ ವಾಲ್ವ್ ಇದೆ. ಇಂಥ ವಾಲ್ವಿನ ಮೇಲೆ ಕಾಲಕ್ರಮೇಣ ಕ್ಯಾಲ್ಸಿಯಂ ಕೂರುತ್ತದೆ; ತೆರೆದು ಮುಚ್ಚುವ ಅದರ ಎಸಳುಗಳು ಗಂಜಿ ಹಾಕಿದ ಕಾಲರಿನಂತೆ ಸೆಟೆದು ಮಡಿಕೆಯಲ್ಲಿ ಹರಿಯುತ್ತವೆ; ಆಗ ಮತ್ತೆ ಆಪರೇಷನ್. ಇದನ್ನು ಮೇಷ್ಟ್ರು ಎಲ್ಲೋ ಓದಿ ಹಿಂದಿನ ಸಂಜೆ ಜಲಜಮ್ಮನಿಗೆ ವಿವರಿಸಿದ್ದರು.

“ಸುಣ್ಣ ಅಂದ್ರೆ ಎಂತ ಮಾರಾಯ? ಕ್ಯಾಲ್ಸಿಯಂ ಹೈಡ್ರಾಕ್ಸೈಡ್,” ಎಂದರು ಮೇಷ್ಟ್ರು ಬೇಲಿಯಾಚೆಯಿಂದ. “ದಿನಾ ಎಲೆಗೆ ಹಚ್ಚಿ ಹಚ್ಚಿ ಒಳಗೆ ಕಳಿಸ್ತೀಯ. ಎದೆಗೆ ನೀನೇ ಗಾರೆ ಹಾಕ್ಕೊಂಡ ಹಾಗೆ.”

“ಮೇಷ್ಟ್ರೆ, ಸುಣ್ಣ ಇಲ್ದೆ ಎಲೆ ಅಡಿಕೆ ಹಾಕೋದಂದ್ರೆ ದಾರ ಇಲ್ದೆ ಹೊಲಿದ ಹಾಗೆ.”

“ಹಂಗಾರೆ ಹೊಲೀಬೇಡಿ,” ಎಂದು ಜಲಜಮ್ಮ ಹಾಲಿಲ್ಲದ ಚಹಾ ತಂದಿಟ್ಟಳು. ಹಾಲಿನಲ್ಲೂ ಕ್ಯಾಲ್ಸಿಯಂ ಇದೆಯಂತೆ.

ಅಂಗಡಿಗೆ ಹೋಗುವ ದಾರಿಯಲ್ಲಿ ಸುಣ್ಣ ಕೇಳಿದರೆ ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿಯ ರವೀಶ್ ಕೈ ಮುಗಿದ. “ಮೇಷ್ಟ್ರು ಆಗ್ಲೇ ಹೇಳಿ ಹೋದ್ರು ಮಾಸ್ತಪ್ಪಣ್ಣ. ನಿಮ್ಗೆ ಸುಣ್ಣ ಕೊಟ್ಟು ನಾಳೆ ಜಲಜಕ್ಕನ ಮುಖ ಹೆಂಗೆ ನೋಡ್ಲಿ? ಬೇಕಾದ್ರೆ ಬಾಳೆಹಣ್ಣು ತಗೊಳ್ಳಿ.”

ಹನ್ನೊಂದರ ಹೊತ್ತಿಗೆ ಮಾಸ್ತಪ್ಪ ಸುಣ್ಣದ ಧ್ಯಾನದಲ್ಲೇ ಪಂಚಾಯ್ತಿ ಗುಮಾಸ್ತ ಯೋಗರಾಜನ ಅಂಗಿಯ ಜೇಬನ್ನು ಬೆನ್ನಿಗೆ ಹೊಲಿದಿದ್ದ.

“ಇದ್ರಲ್ಲಿ ಪೆನ್ನಿಡೋಕೆ ಹೆಂಡ್ತೀನೂ ಆಫೀಸಿಗೆ ಕರ್ಕೊಂಡು ಹೋಗ್ಬೇಕಲ್ಲ ಮಾರಾಯ್ರೆ,” ಎಂದ ಯೋಗರಾಜ.

ಎದುರಿನ ಸೊಸೈಟಿ ಕಟ್ಟಡಕ್ಕೆ ಬಿಳಿ ಬಳಿಯುತ್ತಿದ್ದರು. ಮಾಸ್ತಪ್ಪ ಎಲೆ ಹಿಡಿದುಕೊಂಡೇ ರಸ್ತೆ ದಾಟಿ, ಬಕೆಟ್ಟಿಗೆ ಬೆರಳದ್ದಿ, ಎಲೆಗೆ ಸವರಿ ಬಾಯಿಗೆ ಹಾಕಿಕೊಂಡ. ಎರಡು ಸಲ ಅಗಿದ ಮೇಲೆ ಬಣ್ಣ ಬಳಿಯುವವನು ಏಣಿಯ ಮೇಲಿಂದ ಹೇಳಿದ:

“ಅದು ಸುಣ್ಣ ಅಲ್ಲಣ್ಣ, ಎಮಲ್ಷನ್ ಪೇಂಟು. ಏಳು ವರ್ಷ ಗ್ಯಾರಂಟಿ.”

ಹೃದಯದ ಡಾಕ್ಟರು ಪ್ರತಿಮಾ ವಾರಕ್ಕೊಮ್ಮೆ ಸಾಗರದ ಆಸ್ಪತ್ರೆಗೆ ಬರುತ್ತಾರೆ; ಅಂದು ಬಂದಿದ್ದರು. ತೀರ್ಮಾನ ಅವರಿಂದಲೇ ಆಗಲಿ ಎಂದು ಮಾಸ್ತಪ್ಪ ಬಾಯಿ ತೊಳೆದು ಬಸ್ ಹತ್ತಿದ. ಸಾಕ್ಷಿಗೆಂದು ಮೇಷ್ಟ್ರೂ ಹತ್ತಿದರು.

ಡಾಕ್ಟರು ಹೃದಯದ ಎಕೋ ಸ್ಕ್ಯಾನ್ ಮಾಡಿ ನೋಡಿದರು. “ವಾಲ್ವ್ ಚೆನ್ನಾಗಿ ಕೆಲಸ ಮಾಡ್ತಿದೆ.”

“ಸುಣ್ಣ, ಮೇಡಂ?” ಎಂದರು ಮೇಷ್ಟ್ರು.

“ವಾಲ್ವಲ್ಲಿ ಕೂರೋದು ರಕ್ತದಲ್ಲಿರೋ ಕ್ಯಾಲ್ಸಿಯಂ. ಎಲೆಗೆ ಹಚ್ಚೋ ಸುಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದು ಬೇಗ ಕೂರಬಾರ್ದು ಅಂತಲೇ ಪೊರೇನ ಮೊದ್ಲೇ ರಾಸಾಯನಿಕದಲ್ಲಿ ಹದ ಮಾಡಿರ್ತಾರೆ. ಹಾಲೂ ಕುಡೀಬಹುದು.”

ಮಾಸ್ತಪ್ಪ ಚುನಾವಣೆ ಗೆದ್ದವನಂತೆ ಮೇಷ್ಟ್ರ ಕಡೆ ನೋಡಿದ. ಅಲ್ಲಿಗೇ ಎದ್ದು ಬರಬಹುದಿತ್ತು. ಬರಲಿಲ್ಲ.

“ಹಂಗಾರೆ ಎಲೆ, ಅಡಿಕೆ, ಹೊಗೆಸೊಪ್ಪು ಯಾವ್ದಕ್ಕೂ ಅಡ್ಡಿ ಇಲ್ಲ ಅಂತ ಇವ್ರಿಗೊಂದು ಹೇಳ್ಬಿಡಿ ಮೇಡಂ.”

ಡಾಕ್ಟರು ಟಾರ್ಚ್ ತೆಗೆದರು. “ಬಾಯಿ ತೆಗೀರಿ.” ತುಂಬ ಹೊತ್ತು ನೋಡಿದರು. “ಹಲ್ಲಿನ ಸಂದೀಲಿ ಬಿಳಿ ಏನಿದು?”

“ಎಮಲ್ಷನ್,” ಎಂದರು ಮೇಷ್ಟ್ರು.

“ಒಸಡಲ್ಲಿ ಕೀವಿದೆ. ಇಲ್ಲಿನ ಸೋಂಕು ರಕ್ತಕ್ಕಿಳಿದು ವಾಲ್ವಲ್ಲಿ ಕೂತ್ರೆ, ಹದಿನೈದು ವರ್ಷ ಬರೋ ವಾಲ್ವ್ ವಾರಗಳಲ್ಲೇ ಕೆಡಬಹುದು. ಎಲೆ, ಅಡಿಕೆ, ಹೊಗೆಸೊಪ್ಪು ಇವತ್ತಿಗೆ ಮುಗೀತು.”

ಮೆಟ್ಟಿಲಿಳಿಯುವಾಗ ಮೇಷ್ಟ್ರು ಸಮಾಧಾನ ಹೇಳಿದರು: “ಸುಣ್ಣ ಒಂದು ಉಳೀತಲ್ಲ ಮಾರಾಯ.”

ಮರುದಿನ ಹಲ್ಲಿನ ಡಾಕ್ಟರು ವಾಲ್ವಿಗೆ ಸೋಂಕು ತಗಲದಿರಲೆಂದು ಮೊದಲು ಆ್ಯಂಟಿಬಯಾಟಿಕ್ ಕೊಟ್ಟು, ಮಾಸ್ತಪ್ಪನ ಎರಡು ದವಡೆ ಹಲ್ಲು ಕಿತ್ತರು.