ಪ್ಲಾನಿನಲ್ಲಿ ಇಲ್ಲದ ಹಿಂಬಾಗಿಲು

ದೀಕ್ಷಾ, ಚಿರಾಗ್, ನಿಮ್ಮ ಅಜ್ಜಿಯ ಒಂದು ಗುಟ್ಟನ್ನು ಇಲ್ಲಿ ಬರೆದಿಡುತ್ತೇನೆ. ಗುಟ್ಟು ಎಂದು ನಾನು ಅಂದುಕೊಂಡದ್ದು ಅಷ್ಟೆ. ಅದು ಮನೆಯವರಿಗೆಲ್ಲ ಗೊತ್ತಿತ್ತು ಎಂದು ನನಗೆ ಈಚೆಗೆ ಗೊತ್ತಾಯಿತು. ಮನೆಗೆ ಯಾರಾದರೂ ಬಂದಾಗ ಮುಂಬಾಗಿಲಿಗೆ ಹೋಗಿ "ಬನ್ನಿ, ಬನ್ನಿ" ಎನ್ನುವವರನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಆಶ್ಚರ್ಯ. ಆ ಧೈರ್ಯ ಅವರಿಗೆ ಎಲ್ಲಿಂದ ಬರುತ್ತದೋ! ಗೇಟಿನ ಸದ್ದಾದರೆ ಸಾಕು, ನನ್ನ ಕಾಲುಗಳು ನನ್ನನ್ನು ಕೇಳದೆಯೇ ಅಡಿಗೆಕೋಣೆಗೆ ಹೋಗುತ್ತವೆ, ಅಲ್ಲಿಂದ ಹಿಂಬಾಗಿಲು, ಅಲ್ಲಿಂದ ಬಾವಿಕಟ್ಟೆ. ಬಂದವರು ಕೆಟ್ಟವರೆಂದಲ್ಲ. ಅವರೆದುರು ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ತಿಳಿಯುವುದಿಲ್ಲ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದಾಗಲೂ ಹಾಜರಿ ಕರೆದರೆ ನನ್ನ ಪರವಾಗಿ ಪಕ್ಕದ ಹುಡುಗಿಯೇ "ಬಂದಿದ್ದಾಳೆ ಸಾರ್" ಎನ್ನುತ್ತಿದ್ದಳು. ಮನೆಯಲ್ಲಿ ಆಡುವುದು ತುಳುವಾದರೂ ಬರೆಯುವಾಗ ಆ ಶಾಲೆಯ ಕನ್ನಡವೇ ಕೈಗೆ ಬರುತ್ತದೆ. ಬರೆಯುವಾಗ ಎದುರಿಗೆ ಯಾರೂ ಕುಳಿತಿರುವುದಿಲ್ಲ. ಅದು ಬರೆಯುವುದರ ದೊಡ್ಡ ಸುಖ.

ನಿಮ್ಮಜ್ಜ ಹೆಣ್ಣು ನೋಡಲು ಬಂದ ದಿನವೂ ಇದೇ ಕತೆ. ಗಂಡಿನ ಕಡೆಯವರು ಅಂಗಳಕ್ಕೆ ಕಾಲಿಡುವುದಕ್ಕೂ ನಾನು ಹಿಂಬಾಗಿಲು ದಾಟುವುದಕ್ಕೂ ಸರಿಹೋಯಿತು. ಅವರಿಗೆ ಕಂಡದ್ದು ನನ್ನ ಜಡೆ ಮತ್ತು ಹಿಮ್ಮಡಿ. "ಊರಿನವರೆಲ್ಲ ಮುಖ ನೋಡಿ ಮದುವೆಯಾಗುತ್ತಾರೆ, ಬೆನ್ನು ನೋಡಿ ಒಪ್ಪಿದವನು ನಾನೊಬ್ಬನೇ" ಎಂದು ಅವರು ಕೊನೆಯವರೆಗೂ ಹೇಳಿ ನಗುತ್ತಿದ್ದರು. ನಕ್ಕರೂ ನನ್ನನ್ನು ತಿದ್ದಲು ಹೋಗಲಿಲ್ಲ. ಸೊಸೈಟಿಯ ರೇಷನ್ ಅಂಗಡಿಯಲ್ಲಿ ಅಕ್ಕಿ ತೂಗುತ್ತಿದ್ದ ಅವರಿಗೆ ಗುರುತಿಲ್ಲದ ಜನರೇ ಇರಲಿಲ್ಲ; ದಿನವೂ ಯಾರನ್ನಾದರೂ ಚಾ ಕುಡಿಯಲು ಮನೆಗೆ ಕರೆತರುತ್ತಿದ್ದರು. ಆಗ ಅವರು ಒಂದು ಉಪಾಯ ಮಾಡಿದರು. ಅಂಗಳದ ತುದಿಗೆ ಬಂದಾಗ ಕೆಮ್ಮುವುದು. ಒಂದು ಕೆಮ್ಮಾದರೆ ನನಗೆ ಗುರುತಿನವರು, ಎರಡಾದರೆ ಹೊಸಬರು. ಒಂದಕ್ಕೆ ನಾನು ಸೆರಗು ಸರಿಮಾಡಿ ಒಲೆಯ ಹತ್ತಿರ ನಿಲ್ಲುತ್ತಿದ್ದೆ, ಎರಡಕ್ಕೆ ಚಾದ ಪಾತ್ರೆ ಒಲೆಯ ಮೇಲಿಟ್ಟು ಬಾವಿಕಟ್ಟೆಗೆ. ಅವರೇ ಚಾ ಸೋಸಿ ಕೊಡುತ್ತಿದ್ದರು. ಎಲ್ಲರೂ ಹೋದ ಮೇಲೆ ಹಿಂದಿನಿಂದ ಸುತ್ತಿ ಬಂದು, "ಹೋದರು, ಇನ್ನು ಬಾ" ಎನ್ನುತ್ತಿದ್ದರು.

ನಿಮ್ಮಮ್ಮ ವನಿತಾ ಸೊಸೆಯಾಗಿ ಬಂದ ಹೊಸತರಲ್ಲಿ ಮಾವನ ಈ ಕೆಮ್ಮು ಕೇಳಿ ಗಾಬರಿಯಾದಳು. ದಿನವೂ ಬೆಳಿಗ್ಗೆ ಶುಂಠಿ, ಕಾಳುಮೆಣಸು ಹಾಕಿ ಕಷಾಯ ಮಾಡಿ ಅವರ ಕೈಗೆ ಕೊಡುವಳು. ನನ್ನ ಮಾನ ಉಳಿಸಲು ಆ ಮಹಾರಾಯರು ಕಣ್ಣಲ್ಲಿ ನೀರು ಸುರಿಸುತ್ತ ಒಂದು ತಿಂಗಳು ಅದನ್ನು ಕುಡಿದರು. ಕೆಮ್ಮು ಗುಣವಾಗಲಿಲ್ಲ, ಆಗುವುದಾದರೂ ಹೇಗೆ? ಒಂದು ದಿನ ಕಷಾಯ ಕೊಡುವುದು ನಿಂತಿತು. ಮೆಣಸು ಮುಗಿದಿರಬೇಕೆಂದು ನಾವಿಬ್ಬರೂ ಸಮಾಧಾನಪಟ್ಟೆವು. ನಿಮ್ಮಮ್ಮನಿಗೆ ಎಲ್ಲವೂ ತಿಳಿದು ನಿಲ್ಲಿಸಿದ್ದು ಎಂದು ನಮಗೆ ಹೊಳೆಯಲಿಲ್ಲ.

ಅಜ್ಜ ಹೋಗಿ ಹತ್ತು ವರ್ಷವಾಯಿತು. ನಿಮ್ಮಪ್ಪ ಸತೀಶ ಮಸ್ಕತ್ತಿನಲ್ಲಿ, ಊರಿನ ಮನೆ ಬಿಟ್ಟು ಪೇಟೆಗೆ ಬಂದ ನಾವು ನಾಲ್ವರು ಕುದ್ರೋಳಿಯ ಈ ಬಾಡಿಗೆ ಫ್ಲ್ಯಾಟಿನ ಮೂರನೆಯ ಮಾಳಿಗೆಯಲ್ಲಿ. ಇಲ್ಲಿ ಎಲ್ಲ ಅನುಕೂಲ ಉಂಟು, ಆದರೆ ಇರುವುದು ಒಂದೇ ಬಾಗಿಲು. ನೆಂಟರು ಬರುವುದೂ ಅದರಲ್ಲಿ, ನಾನು ತಪ್ಪಿಸಿಕೊಳ್ಳಬೇಕಾದದ್ದೂ ಅದರಲ್ಲಿ. ಒಮ್ಮೆ ನಿಮ್ಮಮ್ಮನ ಬ್ಯಾಂಕಿನ ಮೆನೇಜರರು ಹೆಂಡತಿಯೊಡನೆ ಬಂದಾಗ ಬೇರೆ ದಾರಿ ಕಾಣದೆ ಬಚ್ಚಲಿಗೆ ಹೊಕ್ಕು ಚಿಲಕ ಹಾಕಿದೆ. ಹತ್ತು ನಿಮಿಷದಲ್ಲಿ ಹೋದಾರು ಎಂದುಕೊಂಡರೆ ಅವರು ಊಟಕ್ಕೇ ನಿಂತರು. ಮೆನೇಜರರ ಹೆಂಡತಿ ಕೈತೊಳೆಯಲು ಬಂದು ಬಾಗಿಲು ತಟ್ಟಿದಾಗ ನಾನು ಬಾಲ್ದಿ, ಹಿಡಿಸೂಡಿ ಹಿಡಿದು ತಲೆತಗ್ಗಿಸಿ ಹೊರಗೆ ಬಂದೆ. ಆಕೆ ನಿಮ್ಮಮ್ಮನಿಗೆ, "ನಿಮಗೆ ಒಳ್ಳೆ ಕೆಲಸದವರು ಸಿಕ್ಕಿದ್ದಾರೆ ಮಾರಾಯ್ರೆ, ಎಷ್ಟು ಕ್ಲೀನ್ ಮಾಡ್ತಾರೆ!" ಎಂದರು. ನಿಮ್ಮಮ್ಮ ಒಂದಿಷ್ಟೂ ತಡವರಿಸದೆ, "ಅವರು ನಮ್ಮ ಮಾಮಿ, ನನ್ನ ಅತ್ತೆ. ಈ ಮನೆಯ ಯಜಮಾನಿ. ತಾವೇ ತೊಳೆದರೆ ಮಾತ್ರ ಅವರಿಗೆ ಸಮಾಧಾನ" ಎಂದು ನನ್ನ ಕೈಯಿಂದ ಬಾಲ್ದಿ ತೆಗೆದುಕೊಂಡಳು. ನಾನಾಗಿದ್ದರೆ ಆ ಬಾಲ್ದಿಯೊಳಗೇ ಇಳಿದುಬಿಡುತ್ತಿದ್ದೆ.

ಹೀಗಿರುವಾಗ ವಾಮಂಜೂರಿನಲ್ಲಿ ಎಂಟೂವರೆ ಸೆಂಟ್ಸ್ ಜಾಗ ತೆಗೆದದ್ದು, ಮನೆ ಕಟ್ಟುವ ಮಾತು ಬಂದದ್ದು. ನಾನು ಬಾಯಿಯಲ್ಲಿ "ಒಳ್ಳೆದಾಯ್ತು" ಎಂದರೂ ಮನಸ್ಸಿನಲ್ಲಿ ಅಂದುಕೊಂಡದ್ದು ಒಂದೇ: ಇನ್ನು ನನಗೊಂದು ಹಿಂಬಾಗಿಲು ಸಿಗುತ್ತದೆ. ಎಂಜಿನಿಯರ್ ಬರುತ್ತಾರೆ ಎಂದಾಗ ಮೀಸೆಯವರೊಬ್ಬರನ್ನು ನಿರೀಕ್ಷಿಸಿದ್ದೆ. ಬಂದದ್ದು ಅಕ್ಷತಾ ಎಂಬ ಹುಡುಗಿ, ಸ್ಕೂಟರಿನಲ್ಲಿ, ಬೆನ್ನಿಗೆ ಪ್ಲಾನ್ ಸುತ್ತಿಟ್ಟ ಕೊಳವೆ ಕಟ್ಟಿಕೊಂಡು. ಊಟದ ಮೇಜಿನ ಮೇಲೆ ಪ್ಲಾನ್ ಬಿಡಿಸಿ, ಅದು ಸುರುಳಿಯಾಗದಂತೆ ನಾಲ್ಕು ಮೂಲೆಗೆ ನಮ್ಮ ಉಪ್ಪಿನಕಾಯಿ ಭರಣಿಗಳನ್ನೇ ಇಟ್ಟಳು. ಆಮೇಲೆ ಅವಳೂ ನಿಮ್ಮಮ್ಮನೂ ಮಾತಾಡಿದ್ದನ್ನು ನಾನು ಅಡಿಗೆಕೋಣೆಯ ಬಾಗಿಲ ಸಂದಿಯಿಂದ ನೋಡಿದೆ. ಬಿಸಿಲು ಯಾವ ತಿಂಗಳು ಯಾವ ಕಿಟಕಿಗೆ ಬರುತ್ತದೆ, ಮಳೆ ಯಾವ ಗೋಡೆಗೆ ಹೊಡೆಯುತ್ತದೆ, ಒದ್ದೆ ಬಟ್ಟೆ ಆಟಿ ತಿಂಗಳ ಜಡಿಮಳೆಯಲ್ಲಿ ಎಲ್ಲಿ ಒಣಗಬೇಕು, ಎಲ್ಲ ಇಬ್ಬರ ಬಾಯಲ್ಲೂ ಉಂಟು. ಆರು ಇಂಚಿಗಾಗಿ ಅರ್ಧ ಗಂಟೆ ವಾದ ಮಾಡಿದರು, ಕೊನೆಗೆ ಇಬ್ಬರೂ ನಕ್ಕರು. ನನ್ನ ಕಾಲದಲ್ಲಿ ಹೆಂಗಸರು ಮನೆಯೊಳಗೆ ಬದುಕುತ್ತಿದ್ದರು; ಇವರು ಮನೆಯನ್ನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು. ನನಗೆ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

"ಮಾಮಿ, ನಿಮಗೆ ಎಂತ ಬೇಕು ಹೇಳಿ. ಈಗಲೇ ಹೇಳಬೇಕು, ಆಮೇಲೆ ಗೋಡೆ ಒಡೆಯಲಿಕ್ಕೆ ಆಗುದಿಲ್ಲ" ಎಂದಳು ನಿಮ್ಮಮ್ಮ.

"ನನಗೆ ಎಂತ ಬೇಡ" ಎಂದೆ. ಈ ಮಾತನ್ನು ನಾನು ಐವತ್ತು ವರ್ಷದಿಂದ ಅಭ್ಯಾಸ ಮಾಡಿದ್ದೇನೆ, ಬಾಯಿಗೆ ತಾನಾಗಿಯೇ ಬರುತ್ತದೆ.

ಪ್ಲಾನ್ ಓದಲು ನನಗೆ ಕಲಿಸಿದ್ದು ನೀನು, ದೀಕ್ಷಾ. "ಅಜ್ಜಿ, ಎರಡು ಗೆರೆ ಅಂದ್ರೆ ಗೋಡೆ. ಈ ಕಾಲು ಚಂದ್ರನ ಹಾಗೆ ಉಂಟಲ್ಲ, ಅದು ಬಾಗಿಲು" ಎಂದೆ. ನನಗೆ ಅದು ಮಡಚಿಟ್ಟ ನೀರುದೋಸೆಯ ಹಾಗೆ ಕಂಡಿತು. ನೀವೆಲ್ಲ ಹೊರಗೆ ಹೋದಾಗ ಕನ್ನಡಕ ಹಾಕಿ ದೋಸೆಗಳನ್ನು ಎಣಿಸಿದೆ. ಮುಂದೆ ಒಂದು, ಕೋಣೆಗಳಿಗೆ ಮೂರು, ಬಚ್ಚಲುಗಳಿಗೆ ಮೂರು, ದೇವರ ಕೋಣೆಗೆ ಪುಟ್ಟದೊಂದು. ಎಂಟು ದೋಸೆ. ಅಡಿಗೆಕೋಣೆಯ ಹಿಂದಿನ ಗೋಡೆಯಲ್ಲಿ ಮಾತ್ರ ಎರಡು ಗೆರೆ ಈ ತುದಿಯಿಂದ ಆ ತುದಿಗೆ ನೇರವಾಗಿ ಹೋಗಿದ್ದವು. ಇನ್ನೊಮ್ಮೆ ಎಣಿಸಿದೆ. ದೋಸೆ ಹೆಚ್ಚಾಗಲಿಲ್ಲ. ಇನ್ನು ಈ ಜನ್ಮವಿಡೀ ಬಾಲ್ದಿ ಹಿಡಿದೇ ಬದುಕಬೇಕು ಎಂದುಕೊಂಡು ಕನ್ನಡಕ ತೆಗೆದಿಟ್ಟೆ.

ಹಿಂಬಾಗಿಲು ಬೇಡವೆಂದದ್ದಕ್ಕೆ ನಿಮ್ಮಮ್ಮನ ಬಳಿ ಕಾರಣವಿತ್ತು. ಗಂಡಸು ಮನೆಯಲ್ಲಿಲ್ಲ, ಅವಳು ಸಂಜೆಯವರೆಗೆ ಬ್ಯಾಂಕಿನಲ್ಲಿ. ಹಿಂದೊಂದು ಬಾಗಿಲಿದ್ದರೆ ಅದರ ಚಿಂತೆ ಬೇರೆ. ನಾನೂ ಒಪ್ಪುವ ಮಾತೇ. ಹಾಗಾಗಿ ನೇರವಾಗಿ ಕೇಳುವ ಬದಲು ಸುತ್ತಿ ಬಳಸಿ ಹೊರಟೆ. "ಬಂಗುಡೆ ಹುರಿದರೆ ಹೊಗೆ ಎಲ್ಲಿಗೆ ಹೋಗುವುದು?" ಎಂದು ಗಾಳಿಗೆ ಹೇಳಿದ ಹಾಗೆ ಹೇಳಿದೆ. ಮುಂದಿನ ವಾರದ ಪ್ಲಾನಿನಲ್ಲಿ ದೊಡ್ಡ ಕಿಟಕಿಯೂ ಹೊಗೆ ಎಳೆಯುವ ಫ್ಯಾನೂ ಬಂದವು. "ಮೀನು ಕೊರೆಯುವುದು ಒಳಗೆಯಾ?" ಎಂದೆ. ಮೀನಿಗೆಂದೇ ಮೂಲೆಯಲ್ಲಿ ಬೇರೆ ಸಿಂಕ್ ಬಂತು. "ಒಗ್ಗರಣೆಗೆ ಬೇವಿನಸೊಪ್ಪು ಬೇಕಾದರೆ ಇಡೀ ಮನೆ ಸುತ್ತಬೇಕೋ ಏನೋ" ಎಂದೆ. ಕಿಟಕಿಯ ಹೊರಗೆ, ಕೈಚಾಚಿದರೆ ಸಿಗುವಂತೆ, ಗಿಡದ ಚಟ್ಟಿಗೆ ಜಾಗವಾಯಿತು. ಅಕ್ಷತಾಳ ಬುದ್ಧಿಯನ್ನು ಮೆಚ್ಚಿದಷ್ಟೂ ನನಗೆ ಅಳು ಬರುತ್ತಿತ್ತು. ನಾನು ಏನು ಹೇಳಿದರೂ ಬಾಗಿಲಿಲ್ಲದೆಯೇ ಪರಿಹಾರ ಕೊಡುತ್ತಾಳಲ್ಲ ಈ ಹುಡುಗಿ! ಮಸ್ಕತ್ತಿನಿಂದ ವಿಡಿಯೋದಲ್ಲಿ ನಿಮ್ಮಪ್ಪ, "ಅಮ್ಮ ಈಗೀಗ ಎಷ್ಟು ಪಾಯಿಂಟ್ ಹೇಳ್ತಾರೆ ಮಾರಾಯ್ತಿ! ಬಾಯಿ ಬಂದಿದೆ ಅವರಿಗೆ" ಎಂದು ಹಿಗ್ಗಿದ. ಬಾಯಿ ಬಂದಿದ್ದರೆ ಒಂದೇ ಶಬ್ದದಲ್ಲಿ ಮುಗಿಯುತ್ತಿತ್ತು, ಮಗಾ.

ಕೊನೆಗೆ ಜಾಗದಲ್ಲಿ ಗುರುತು ಹಾಕುವ ದಿನ ಬಂತು. ಮೇಸ್ತ್ರಿ ಗೂಟ ಹೊಡೆದು, ನೂಲು ಎಳೆದು, ಕೆಂಪು ಮಣ್ಣಿನ ಮೇಲೆ ಸುಣ್ಣದ ಹುಡಿಯಲ್ಲಿ ಇಡೀ ಮನೆಯನ್ನು ಬರೆದಿಟ್ಟು ಚಾಕ್ಕೆ ಹೋಗಿದ್ದ; ಅಕ್ಷತಾ ಅಳತೆ ಸರಿನೋಡುತ್ತಿದ್ದಳು. ಕಾಗದದಲ್ಲಿ ಅಂಗೈಯಷ್ಟಿದ್ದ ಮನೆ ನೆಲದ ಮೇಲೆ ಮಲಗಿದ್ದು ನೋಡಿ ನನಗೆ ಭಕ್ತಿಯೇ ಬಂತು. ಮುಂಬಾಗಿಲಿಗೆಂದು ಬಿಟ್ಟ ಜಾಗದ ಹೊರಗೆ ಚಪ್ಪಲಿ ಕಳಚಿ ಒಳಗೆ ಹೋದೆ. ನೀವು ನಕ್ಕಿರಿ, ನಾನು ನೋಡಿದ್ದೇನೆ. ಚಿರಾಗ್, ನೀನು ಗೆರೆಗಳ ಮೇಲಿಂದ ಹಾರುತ್ತ ಕೋಣೆಯಿಂದ ಕೋಣೆಗೆ ಓಡುತ್ತಿದ್ದೆ. "ಗೋಡೆ ಹಾರಬಾರದು ಮಗ, ಬಾಗಿಲಲ್ಲಿ ಬಾ" ಎಂದು ಬೈದದ್ದೂ ನಾನೇ.

"ಮಾಮಿ, ಅಡಿಗೆಕೋಣೆಯಲ್ಲಿ ಹೋಗಿ ನಿಲ್ಲಿ. ಜಾಗ ಸಾಕಾ ನೋಡಿ" ಎಂದು ಹೇಳಿ ನಿಮ್ಮಮ್ಮ ಗೇಟಿನ ಕಡೆಗೆ ನಡೆದಳು. ನಾನು ಮಧ್ಯದಲ್ಲಿ ನಿಂತು, ಇಲ್ಲಿ ಒಲೆ, ಇಲ್ಲಿ ಕಡೆಯುವ ಕಲ್ಲು, ಎಂದು ಮನಸ್ಸಿನಲ್ಲೇ ಇಡುತ್ತಿದ್ದೆ. ಆಗ ಗೇಟಿನ ಹತ್ತಿರ ಯಾರೋ ಕೆಮ್ಮಿದರು. ಒಂದು. ಎರಡು.

ಆಮೇಲೆ ಏನಾಯಿತೆಂದು ನನ್ನನ್ನು ಕೇಳಬೇಡಿ, ನನ್ನ ಕಾಲುಗಳನ್ನು ಕೇಳಿ. ಗೆರೆ ಕಂಡ ನೆನಪಿಲ್ಲ. ಅರಿವಿಗೆ ಬರುವಾಗ ನಾನು ಹಿಂದಿನ ಗೇರುಮರದ ಮರೆಯಲ್ಲಿದ್ದೆ. "ಅಮ್ಮಾ, ಅಜ್ಜಿ ಗೋಡೆಯ ಮಧ್ಯದಿಂದ ಹೋದ್ರು!" ಎಂದು ನೀನು ಕೂಗುತ್ತಿದ್ದೆ, ಚಿರಾಗ್. ಮೆಲ್ಲಗೆ ಇಣುಕಿದರೆ ನೆಂಟರೂ ಇಲ್ಲ, ಹೊಸಬರೂ ಇಲ್ಲ. ಗೇಟಿನ ಹತ್ತಿರ ನಿಮ್ಮಮ್ಮ ಒಬ್ಬಳೇ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಅವಳು ಬಂದು ಸುಣ್ಣದ ಗೆರೆಯ ಹತ್ತಿರ ಬಗ್ಗಿದಳು. ಗೆರೆ ಅಳಿಸಿಹೋದ ಕಡೆ ನನ್ನ ಪಾದ ಚೆನ್ನಾಗಿ ಮೂಡಿತ್ತು. "ಅಕ್ಷತಾ, ಈ ಹೆಜ್ಜೆ ನೋಡಿ. ಇಲ್ಲಿಗೆ ಒಂದು ಬಾಗಿಲು."

"ಮೇಡಂ, ಅಲ್ಲಿ ಮೀನಿನ ಸಿಂಕ್ ಉಂಟಲ್ಲ?"

"ಸಿಂಕ್ ಬೇಕಾದರೆ ಆಚೆ ಸರಿಯುತ್ತದೆ. ನಮ್ಮ ಮಾಮಿ ಸರಿಯುವುದಿಲ್ಲ" ಎಂದು ನಿಮ್ಮಮ್ಮ ನನ್ನ ಕಡೆ ತಿರುಗಿದಳು. "ಮೂರು ತಿಂಗಳಿಂದ ಕೇಳ್ತಾ ಇದ್ದೇನೆ, ಎಂತ ಬೇಕು ಹೇಳಿ ಅಂತ. ಹೊಗೆ ಅಂತೀರಿ, ಮೀನು ಅಂತೀರಿ, ಬೇವಿನಸೊಪ್ಪು ಅಂತೀರಿ. ಎಲ್ಲ ಹಿಂದಿನ ಗೋಡೆಯದ್ದೇ ಮಾತು. ಆದ್ರೆ ಬಾಯಿ ಬಿಟ್ಟು ಹೇಳುದಿಲ್ಲ. ಮತ್ತೆಂತ ಮಾಡುದು? ಮಾವನ ಕೆಮ್ಮು ನೆನಪಾಯ್ತು."

ಆ ಕೆಮ್ಮು ಕೇಳದೆ ಹತ್ತು ವರ್ಷವಾಗಿತ್ತು. ಸುಣ್ಣದ ಹುಡಿ ಕಣ್ಣಿಗೆ ಹೋಯಿತೆಂದು ಹೇಳಿ ಮುಖ ಒರಸಿಕೊಂಡೆ. ಸುಣ್ಣವಿದ್ದದ್ದು ಪಾದದಲ್ಲಿ. ನಿಮ್ಮಮ್ಮ ಅದನ್ನೂ ನೋಡಿರಬೇಕು. ನೋಡಿಯೂ, "ಹೌದು, ಇವತ್ತು ಗಾಳಿ ಜಾಸ್ತಿ ಉಂಟು" ಎಂದಳು. ಬಾಗಿಲಿಗೆ ಕಬ್ಬಿಣದ ಗ್ರಿಲ್, ಒಳಗಿನಿಂದ ಎರಡು ಚಿಲಕ ಎಂದು ಅಲ್ಲಿಯೇ ನಿಶ್ಚಯವಾಯಿತು. ಹೊಸ ಪ್ಲಾನಿನಲ್ಲಿ ಈಗ ಒಂಬತ್ತು ದೋಸೆ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದ ಹಾಗಾಗುತ್ತಿತ್ತು. ಕಳೆದ ವಾರ ಕೆಸರುಕಲ್ಲು ಹಾಕಿದ ದಿನ, ಅಂದರೆ ಮನೆಗೆ ಮೊದಲ ಕಲ್ಲು ಇಟ್ಟ ದಿನ, ಭಟ್ಟರು, ಮೇಸ್ತ್ರಿಯ ಜನ, ಬ್ಯಾಂಕಿನವರು, ನಿಮ್ಮಮ್ಮನ ತವರಿನವರು ಎಂದು ಮೂವತ್ತು ಮಂದಿ ಮುಂದಿನ ಕಡೆ ಸೇರಿದ್ದರು. ಮಂಗಳಾರತಿ ಮುಗಿದದ್ದೇ ನಾನು ನನ್ನ ಬಾಗಿಲಿನ ಜಾಗ ಹುಡುಕಿ ಹಿಂದೆ ಬಂದೆ. ಅಲ್ಲಿ ತಂತಿಬೇಲಿಯ ಆಚೆ ಒಬ್ಬ ಹೆಂಗಸು ಬಾಳೆಹಣ್ಣಿನ ಚಿಪ್ಪು ಹಿಡಿದು ನನ್ನನ್ನೇ ಕಾಯುತ್ತಿದ್ದಳು. ಹಿಂದಿನ ಮನೆಯ ಲಿಲ್ಲಿಬಾಯಿ.

"ಮೊನ್ನೆ ಮರದ ಹಿಂದೆ ನಿಂತದ್ದು ನೀವೇ ಅಲ್ಲವಾ? ನಾನು ಕಿಟಕಿಯಿಂದ ನೋಡಿದೆ. ಬಾಗಿಲು ಇಲ್ಲೇ ಬರುವುದಂತೆ, ಮೇಸ್ತ್ರಿ ಹೇಳಿದ. ಒಳ್ಳೆದಾಯ್ತು. ನಮ್ಮ ಅಡಿಗೆಯ ಕುಸಿನಿಯ ಬಾಗಿಲೂ ಈಚೆಗೇ ಉಂಟು. ಇನ್ನು ರೋಡಿಗೆ ಸುತ್ತು ಹಾಕಿ ಬರುದು ಬೇಡ, ಸೀದಾ ಬರಬಹುದು!"

ಮೂವತ್ತು ಜನರಿಂದ ಓಡಿದವಳು ಒಬ್ಬಳ ಕೈಗೆ ಸಿಕ್ಕಿಬಿದ್ದೆ. ಬೆನ್ನ ಹಿಂದೆ ಬೇರೆ ಬಾಗಿಲಿರಲಿಲ್ಲ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೇಲಿಯ ಕಂಬ ಹಿಡಿದುಕೊಂಡೆ. ಆಕೆ ಮಂಡಿನೋವಿನಿಂದ ಶುರುಮಾಡಿದಳು. ನನಗೂ ಮಂಡಿನೋವು ಉಂಟು. ಅಲ್ಲಿಂದ ಬೂತಾಯಿ ಮೀನಿನ ಪುಳಿಮುಂಚಿ ಸಾರಿಗೆ ಹೋದೆವು, ಅಲ್ಲಿಂದ ಅವಳ ಗಂಡನಿಗೆ, ಅಲ್ಲಿಂದ ನನ್ನ ಗಂಡನ ಕಷಾಯಕ್ಕೆ. ನಿಮ್ಮಮ್ಮ ಹುಡುಕಿಕೊಂಡು ಬಂದಾಗ ಮುಂದಿನ ಕಡೆ ಪಾಯಸವೇ ಮುಗಿದಿತ್ತು. "ಇಲ್ಲಿದ್ದೀರಾ ನೀವು? ಓಡಿಹೋದವರು ಇಷ್ಟು ಮಾತಾಡುದಾ ಮಾಮಿ?" ಎಂದಳು. ತಪ್ಪಿಸಿಕೊಳ್ಳಲೆಂದು ಇಷ್ಟು ಕಷ್ಟದಿಂದ ಸಂಪಾದಿಸಿದ ಬಾಗಿಲಿಗೆ ಇನ್ನೂ ಮರದ ಚೌಕಟ್ಟೂ ಬಂದಿಲ್ಲ, ಆಗಲೇ ಅದರಲ್ಲಿ ನೆಂಟರು ಬರಲು ಶುರುಮಾಡಿದ್ದರು.

ಮಕ್ಕಳೇ, ಈ ಹಾಳೆಗಳನ್ನು ಅಕ್ಷತಾ ಕೊಟ್ಟ ಕೊಳವೆಯೊಳಗೆ ಪ್ಲಾನಿನ ಜತೆಗೇ ಸುರುಳಿ ಸುತ್ತಿ ಜೋಪಾನವಾಗಿ ಇಡಿ, ಗೆದ್ದಲು ಹಿಡಿಯಲು ಬಿಡಬೇಡಿ. ಮುಂದೆ ನೀವು ದೊಡ್ಡವರಾಗಿ ಅಡಿಗೆಕೋಣೆ ಸರಿಮಾಡಿಸುವಾಗ "ಇಲ್ಲಿ ಈ ಬಾಗಿಲು ಯಾಕೆ?" ಎಂದು ಯಾರಾದರೂ ಕೇಳಿದರೆ ಇದನ್ನು ಬಿಚ್ಚಿ ಓದಿ. ನಾನಿರುವಾಗ ಮಾತ್ರ ನನ್ನೆದುರು ಓದಬೇಡಿ. ಓದಲೇಬೇಕೆಂದು ಹಟವಿದ್ದರೆ, ಮೊದಲು ಎರಡು ಸಲ ಕೆಮ್ಮಿ. ನಾನು ಲಿಲ್ಲಿಬಾಯಿಯ ಹತ್ತಿರ ಹೋಗಿರುತ್ತೇನೆ.