ಎಂಟು ಕೈಗಳ ತಪಾಸಣೆ

ಬಾಗಿಲಿಗೆ ಬೀಗ ಹಾಕಿದ ಮೇಲೂ ಗ್ಯಾಸ್ ಆರಿಸಿದ್ದೇನೆಯೇ ಎಂದು ಮತ್ತೆ ಒಳಗೆ ಹೋಗಿ ನೋಡುವ ಜಾತಿಯವಳು ನಾನು. ಎರಡು ಸಲ ನೋಡಿದರೆ ಎಚ್ಚರಿಕೆ, ಮೂರು ಸಲ ನೋಡಿದರೆ ಕಾಯಿಲೆ ಎನ್ನುತ್ತಾರೆ ನಮ್ಮವರು. ನಾಲ್ಕನೆಯ ಸಲದ ವಿಷಯ ನಾನು ಅವರಿಗೆ ಹೇಳಿಲ್ಲ.

ಇಂಥವಳ ಲ್ಯಾಪ್‌ಟಾಪನ್ನು ನಾದಿನಿ ಮಂಜುಳಾಗೆ ಕೊಡುವುದೆಂದು ತೀರ್ಮಾನವಾಯಿತು. ಸಂಜೆ ಬಂದು, ಅದರಲ್ಲಿರುವುದನ್ನೆಲ್ಲ ಅಳಿಸಿ, ಬೇರಿಕೆಯ ತನ್ನ ಮನೆಗೆ ಒಯ್ಯುತ್ತಾಳೆ. ಫೋಟೋ, ವಿಡಿಯೋಗಳನ್ನು ಡಿಸ್ಕಿಗೆ ನಕಲು ಮಾಡಿಯಾಗಿತ್ತು. ಆದರೆ ನಕಲೇ ಕೆಟ್ಟಿದ್ದರೆ? ತೀರಿಕೊಂಡ ಮಾವನವರು ಮಾತಾಡಿರುವ ಒಂದೇ ಒಂದು ವಿಡಿಯೋ ಅದರಲ್ಲಿತ್ತು. ನಾವು ಅವಲಪಲ್ಲಿಯ ಈ ಮನೆಗೆ ಬಂದ ದಿನದ್ದು.

ಮಂಜುಳಾ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ, ಪ್ರತಿ ಫೈಲೂ ಮೂಲದಂತೆಯೇ ಇದೆಯೇ ಎಂದು ಯಂತ್ರವೇ ತಾಳೆ ನೋಡುತ್ತದೆಂದು ಹೇಳಿಕೊಟ್ಟಿದ್ದಳು. ಕಾನ್ವೆಂಟಿನಲ್ಲಿ ಕಾಪಿ ಬರೆದಷ್ಟೇ ಭಕ್ತಿಯಿಂದ ಟೈಪ್ ಮಾಡಿದೆ. ಮಧ್ಯಾಹ್ನವಾದರೂ ಕಾಲು ಭಾಗವೂ ಮುಗಿದಿರಲಿಲ್ಲ. ಫೋನ್ ಮಾಡಿದೆ.

"ಅತ್ತಿಗೇ, ಅದ್ರೊಳಗೆ ಎಂಟು ಕೋರ್ ಅವೆ, ಎಂಟು ಆಳು ಇದ್ದಂಗೆ. ನೀವು ಒಂದ್ರ ಕೈಲೇ ದುಡಿಸ್ತಾ ಇದ್ದೀರ. ಮಿಕ್ಕ ಏಳೂ ಟೀ ಕುಡ್ಕಂಡು ಕೂತವೆ!" ಎಂದು ನಕ್ಕಳು. ಎಂಟಕ್ಕೂ ಒಟ್ಟಿಗೆ ಕೆಲಸ ಹಚ್ಚುವ ಬಗೆ ಹೇಳಿದಳು.

ಹಚ್ಚಿದೆ. ಫ್ಯಾನು ಭೋರ್ಗರೆಯಿತು, ಕೆಲಸ ಸರಸರನೆ ಮುಗಿಯಿತು. ಫಲಿತಾಂಶದ ಫೈಲ್ ತೆರೆದರೆ, ಎಂಟೂ ಕೋರ್‌ಗಳು ಒಂದೇ ಹಾಳೆಯ ಮೇಲೆ ಒಟ್ಟಿಗೆ ಬರೆದಿದ್ದವು. ಒಂದು ಸಾಲಿನ ತಲೆಗೆ ಇನ್ನೊಂದು ಸಾಲಿನ ಬಾಲ. ಸಾವಿರಾರು 'ಸರಿ'ಗಳ ನಡುವೆ ಒಂದೇ ಒಂದು 'ತಪ್ಪು'. ಅದು ಯಾವ ಫೈಲಿನದೋ, ದೇವರಿಗೇ ಗೊತ್ತು.

ಉದ್ದನಪಲ್ಲಿಯಿಂದ ಬಂದಿದ್ದ ಅತ್ತೆ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಗೋಳು ಕೇಳಿ ತಲೆಯೆತ್ತದೆ ಹೇಳಿದರು: "ಎಂಟು ಜನ ಒಂದೇ ಬೋಸಿಗೆ ಸುಲ್ದು ಹಾಕುದ್ರೆ, ಹುಳುಕು ಕಾಳು ಯಾರ್ದು ಅಂತ ಯಾರ್ನ ಕೇಳ್ತೀಯಮ್ಮಾ? ತಲೆಗೊಂದು ತಟ್ಟೆ ಕೊಡು."

ಇದನ್ನೇ ಫೋನಿನಲ್ಲಿ ಮಂಜುಳಾಗೆ ಹೇಳಿದೆ. "ಅಮ್ಮನ್ನ ನಮ್ಮ ಆಫೀಸಿಗೆ ಕಳ್ಸಿ ಅತ್ತಿಗೇ," ಎಂದು, ಫೈಲುಗಳ ಪಟ್ಟಿಯನ್ನು ಎಂಟು ಪಾಲು ಮಾಡಿ ಪಾಲಿಗೊಂದು ಫಲಿತಾಂಶ ಬರೆಸುವುದನ್ನು ತಿಳಿಸಿದಳು. ಅವಳ ಸ್ಕೂಟಿ ಬಾಗಿಲಿಗೆ ಬರುವ ಹೊತ್ತಿಗೆ ಏಳು ತಟ್ಟೆ ಶುದ್ಧವಾಗಿದ್ದವು. ಎಂಟನೆಯದರಲ್ಲಿ ಹುಳುಕು: ಮಾವನವರ ವಿಡಿಯೋ!

ಕೂಡಲೇ ಮೂಲದಿಂದ ಮತ್ತೆ ನಕಲು ಮಾಡಿದೆ. ತಾಳೆ ನೋಡಿದೆ. ಸರಿ. ಮಂಜುಳಾ, "ಹಾಕಿ, ಕಣ್ಣಾರೆ ನೋಡೇಬುಡಾಣ," ಎಂದಳು. ಅತ್ತೆಯೂ ಕೈ ಒರೆಸಿಕೊಂಡು ಬಂದರು.

ಮಾವ ಬಂದರು, ಊಟದ ಎಲೆಯ ಮುಂದೆ, ಹಸನ್ಮುಖಿಯಾಗಿ. ಏನೋ ಹೇಳಿದರು. ಕೇಳಿಸಿದ್ದು ಮಾತ್ರ ಕ್ಯಾಮೆರಾ ಹಿಂದಿದ್ದ ನನ್ನ ದನಿ: "ಮಾವ, ಇತ್ತ ನೋಡಿ! ಮಾವ, ಸ್ವಲ್ಪ ನಗಿ! ಮಾವ, ಟವೆಲ್ ಸರಿ ಮಾಡ್ಕೊಳ್ಳಿ!" ಕೊನೆಯವರೆಗೂ ಅಷ್ಟೇ.

"ಅಪ್ಪ ಏನಂತಾವ್ರೆ?" ಎಂದಳು ಮಂಜುಳಾ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅತ್ತೆ ಪರದೆಯ ಹತ್ತಿರ ಬಾಗಿ, ಗಂಡನ ತುಟಿಗಳನ್ನೇ ನೋಡಿದರು. ಇನ್ನೊಮ್ಮೆ ಹಾಕಿಸಿ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಸಾರಿಗೆ ಉಪ್ಪು ಸಾಲ್ದು ಅಂತವ್ರೆ ಕಣಮ್ಮಾ."

ಅಂದಿನ ಸಾರು ಮಾಡಿದ್ದು ನಾನು. ಆ ಮಾತನ್ನು ಒಂದು ಚೂರೂ ಕೆಡದಂತೆ ಉಳಿಸಿಕೊಳ್ಳಲು ಇಡೀ ದಿನ ಎಂಟು ಕೈಗಳನ್ನು ದುಡಿಸಿದವಳೂ ನಾನೇ.